ಫೋಟೋ ತೆಗೆದವರು ಎಲ್ಲಿ ನಿಂತಿದ್ದರು?

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಮಳೆಗಾಲ ಬಂತೆಂದರೆ ಅಲ್ಲಿನ ಅಲೆಗಳ ಫೋಟೋಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಕೆಲವದರಲ್ಲಿ ಅಲೆ ವಾಹನಗಳ ನೆತ್ತಿಯ ಮೇಲೆಯೇ ಎದ್ದು ನಿಂತಂತೆ ಕಾಣುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಮನೆಗಳ ಮಕ್ಕಳು ಗಲ್ಫ್‌ನಲ್ಲಿದ್ದಾರೆ. ಅಂಥ ಫೋಟೋ ಕಂಡರೆ ಅವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಫೋಟೋ ನಕಲಿಯೇ ಆಗಿರಬೇಕೆಂದಿಲ್ಲ. ನಾವು ಅದನ್ನು ಓದಿದ ರೀತಿ ತಪ್ಪಿರಬಹುದು.

ಈ ವಿಷಯದ ಬುನಾದಿ ಹಾಕಿದವರು ಇಬ್ನುಲ್ ಹೈಸಮ್. ಕ್ರಿ.ಶ. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದವರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಯೂಕ್ಲಿಡ್, ಟಾಲೆಮಿ ಬರೆದಿದ್ದರು. ದೊಡ್ಡವರ ಮಾತೆಂದು ಇವರು ಸುಮ್ಮನೆ ಒಪ್ಪಲಿಲ್ಲ. ಪ್ರಯೋಗ ಮಾಡಿ, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಏಳು ಭಾಗಗಳ 'ಕಿತಾಬುಲ್ ಮನಾಝಿರ್'ನಲ್ಲಿ ವಿವರಿಸಿದರು. ಅದರಲ್ಲೇ ಇನ್ನೊಂದು ಸೂಕ್ಷ್ಮ ವಿಚಾರವಿದೆ: ವಸ್ತು ಎಷ್ಟು ದೂರವಿದೆ ಎಂಬುದನ್ನು ನಾವು ನಡುವೆ ಹಾಸಿರುವ ನೆಲವನ್ನು ನೋಡಿ ಅಂದಾಜಿಸುತ್ತೇವೆ. ಆ ಗ್ರಂಥ ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನ ವಿದ್ವಾಂಸರನ್ನು ತಲುಪಿತು. 1572ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು.

ಇಂದಿನ ಕ್ಯಾಮೆರಾಕ್ಕೂ ಅದೇ ಲೆಕ್ಕ. ಇಬ್ಬರು ಮಕ್ಕಳನ್ನು ಎರಡು ಮೀಟರ್ ಅಂತರದಲ್ಲಿ ಹಿಂದೆ ಮುಂದೆ ನಿಲ್ಲಿಸಿ. ಮುಂದಿನ ಮಗುವಿನಿಂದ 2 ಮೀಟರ್ ದೂರದಲ್ಲಿ ನಿಂತು ತೆಗೆದರೆ ಹಿಂದಿನ ಮಗು ಅರ್ಧದಷ್ಟೇ ಕಾಣುತ್ತದೆ. 20 ಮೀಟರ್ ದೂರಕ್ಕೆ ಹೋಗಿ ತೆಗೆದರೆ ಇಬ್ಬರೂ ಹೆಚ್ಚುಕಡಿಮೆ ಸಮ. ಇದನ್ನು ಮಾಡುವುದು ಲೆನ್ಸ್ ಅಲ್ಲ, ನಾವು ನಿಂತ ಜಾಗ. ಟೆಲಿ ಲೆನ್ಸ್ ದೂರದ ದೃಶ್ಯದ ಸಣ್ಣ ತುಂಡನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ, ನಡುವಿನ ನೆಲ ಚಿತ್ರದಿಂದ ಹೊರಗುಳಿಯುತ್ತದೆ. ಆಗ ಅಲೆ ರಸ್ತೆಗೆ ಅಂಟಿಕೊಂಡಂತೆ, ಕೊಡಚಾದ್ರಿ ಹೊಳೆಯ ದಂಡೆಗೇ ಬಂದಂತೆ ತೋರುತ್ತದೆ.

ಲೆನ್ಸ್ ವಿನ್ಯಾಸದ ಪಾತ್ರ ಬೇರೆಯಿದೆ. ವೈಡ್ ಲೆನ್ಸ್ ವಿಶಾಲ ನೋಟವನ್ನು ಚಪ್ಪಟೆ ಚಿತ್ರದೊಳಗೆ ಹಿಡಿಸಬೇಕು. ಅದಕ್ಕೇ ಮದುವೆಯ ಗುಂಪು ಫೋಟೋದಲ್ಲಿ ಅಂಚಿನಲ್ಲಿ ನಿಂತವರ ಮುಖ ಅಗಲವಾಗುತ್ತದೆ. ನೇರ ಗೆರೆ ಬಾಗುವುದು ಲೆನ್ಸಿನ ದೋಷ, ಮೊಬೈಲಿನ ಸಾಫ್ಟ್‌ವೇರ್ ಅದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ಆದರೆ ತೆಗೆದವರು ನಿಂತ ಜಾಗವನ್ನು ಅದು ಬದಲಿಸಲಾರದು.

ಸುದ್ದಿಯನ್ನು ಪರಿಶೀಲಿಸಿ ಎಂಬ ಮಾತನ್ನು ಮಿಂಬರ್‌ನಿಂದ ನಾವು ಎಷ್ಟೋ ಬಾರಿ ಕೇಳಿದ್ದೇವೆ. ಫೋಟೋ ಕೂಡ ಒಂದು ಸುದ್ದಿಯೇ. ಅಲೆಯದಿರಲಿ, ಜನಸಂದಣಿಯದಿರಲಿ, ಮುಂದಕ್ಕೆ ಕಳಿಸುವ ಮೊದಲು ಕೇಳೋಣ: ತೆಗೆದವರು ಎಲ್ಲಿ ನಿಂತಿದ್ದರು? ನಡುವಿನ ನೆಲ ಎಲ್ಲಿ ಹೋಯಿತು?