ಅರಿವಳಿಕೆ ಮದ್ದು ಮನೋವೈದ್ಯರ ಕೈಗೆ ಬಂದ ಕಥೆ



ಡೊಂಬಿವಲಿಯಿಂದ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಭಾವನವರಿಗೆ ಮೂರು ವರ್ಷದಿಂದ ಖಿನ್ನತೆ. ಎರಡು ಮೂರು ಬಗೆಯ ಮಾತ್ರೆ ನುಂಗಿದ್ದಾಯಿತು, ಗುಣ ಕಾಣಲಿಲ್ಲ. ಈಗ ಡಾಕ್ಟರು ಕೆಟಮಿನ್ ಕೊಟ್ಟು ನೋಡೋಣ ಎಂದಿದ್ದಾರಂತೆ. ಅದು ಕುದುರೆಗೆ ಮತ್ತು ಬರಿಸುವ ಮದ್ದಲ್ಲವೇ, ಹುಡುಗರು ಪಾರ್ಟಿಗಳಲ್ಲಿ ಅಮಲಿಗೆ ಬಳಸುವುದೂ ಅದನ್ನೇ ಅಲ್ಲವೇ ಎಂದು ಮನೆಮಂದಿಯೆಲ್ಲ ಹೆದರಿ ಕುಳಿತಿದ್ದಾರೆ.

ಎರಡು ಹಾಡುಗಳ ನಡುವೆ ಹೇಳಿ ಮುಗಿಸುವ ಸಂಗತಿ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಕನ್ನಡ ಬಿ.ಎ., ವೈದ್ಯಕೀಯವಲ್ಲ. ಆದ್ದರಿಂದ ಇದನ್ನು ಸಲಹೆ ಎಂದು ತಿಳಿಯಬೇಡಿ, ಒಂದು ಮದ್ದಿನ ಚರಿತ್ರೆ ಎಂದು ಓದಿ.

ಮೊದಲಿಗೆ ಕುದುರೆಯ ಮಾತು. ಕೆಟಮಿನ್ ಅನ್ನು ಪಶುವೈದ್ಯರು ಬಳಸುವುದು ನಿಜ. ಆದರೆ ಅದು ಹುಟ್ಟಿದ್ದು ಮನುಷ್ಯರಿಗಾಗಿಯೇ. ಅಮೆರಿಕದ ಡೆಟ್ರಾಯಿಟ್ ನಗರದ ಪಾರ್ಕ್-ಡೇವಿಸ್ ಕಂಪನಿ 1950ರ ದಶಕದಲ್ಲಿ ಪಿಸಿಪಿ ಎಂಬ ಅರಿವಳಿಕೆ ಮದ್ದನ್ನು ತಯಾರಿಸಿತ್ತು. ನೋವು ಗೊತ್ತಾಗುತ್ತಿರಲಿಲ್ಲ, ಉಸಿರಾಟವೂ ಕುಗ್ಗುತ್ತಿರಲಿಲ್ಲ. ತೊಂದರೆ ಶುರುವಾಗುತ್ತಿದ್ದುದು ಎಚ್ಚರವಾದ ಮೇಲೆ. ಕೆಲವರು ಗಂಟೆಗಟ್ಟಲೆ ಭ್ರಮೆಯಲ್ಲಿ ಕನವರಿಸುತ್ತಿದ್ದರು, ರೇಗಾಡುತ್ತಿದ್ದರು. ಹಾಗಾಗಿ ಅದೇ ಜಾತಿಯ, ಆದರೆ ಬೇಗ ಇಳಿಯುವ ಮದ್ದಿಗೆ ಹುಡುಕಾಟ ನಡೆಯಿತು. 1962ರಲ್ಲಿ, ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಕ್ಯಾಲ್ವಿನ್ ಸ್ಟೀವನ್ಸ್ ಕಂಪನಿಗಾಗಿ ಒಂದನ್ನು ತಯಾರಿಸಿದರು. ಅದೇ ಕೆಟಮಿನ್.

ಮನುಷ್ಯರ ಮೇಲೆ ಮೊದಲ ಪ್ರಯೋಗ ನಡೆದದ್ದು 1964ರ ಆಗಸ್ಟ್ 3ರಂದು, ಮಿಷಿಗನ್ ರಾಜ್ಯದ ಜಾಕ್ಸನ್ ಸೆರೆಮನೆಯ ಕೈದಿಗಳ ಮೇಲೆ. ಅವರು ಸ್ವಯಂಸೇವಕರು ಎಂದೇ ದಾಖಲೆ. ಬಾಗಿಲಿಗೆ ಬೀಗ ಬಿದ್ದವನ ಒಪ್ಪಿಗೆಗೆ ಎಷ್ಟು ಬೆಲೆ ಎಂದು ಆ ಕಾಲದಲ್ಲಿ ಹೆಚ್ಚು ಜನ ಕೇಳುತ್ತಿರಲಿಲ್ಲ. ಪ್ರಯೋಗ ನಡೆಸಿದವರು ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್. ಮದ್ದು ಇಳಿದ ಮೇಲೆ ಕೈದಿಗಳಲ್ಲಿ ಹಲವರು ಹೇಳಿದ್ದು ಒಂದೇ ಬಗೆ: ಆಕಾಶದಲ್ಲಿ ತೇಲಿದ ಹಾಗಿತ್ತು, ಕೈಕಾಲು ಇದ್ದದ್ದೇ ಗೊತ್ತಾಗಲಿಲ್ಲ. ಡೊಮಿನೊ ಇದನ್ನು ಕನಸಿನ ಸ್ಥಿತಿ ಎಂದು ಕರೆಯಲು ಹೊರಟರೆ ಕಂಪನಿಗೆ ಆ ಮಾತು ಹಿಡಿಸಲಿಲ್ಲ. ಆಗ ಅವರ ಹೆಂಡತಿ ಟೋನಿ ಬೇರೊಂದು ಹೆಸರು ಸೂಚಿಸಿದರು: ಡಿಸೋಸಿಯೇಟಿವ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೈ ಒಂದು ಕಡೆ, ಮನಸ್ಸು ಒಂದು ಕಡೆ. ಈ ಹೆಸರೇ ಇಂದಿಗೂ ವೈದ್ಯ ಪುಸ್ತಕಗಳಲ್ಲಿದೆ.

1970ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು. ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಬಳಸಿದರು. ಉಸಿರಾಟವನ್ನೂ ರಕ್ತದೊತ್ತಡವನ್ನೂ ಕುಸಿಯಲು ಬಿಡದ ಮದ್ದು ಎಂದರೆ, ಆಮ್ಲಜನಕದ ಸಿಲಿಂಡರ್ ಇಲ್ಲದ, ಕರೆಂಟು ಕೈಕೊಡುವ ಆಸ್ಪತ್ರೆಗಳಿಗೆ ದೊಡ್ಡ ವರ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳಲ್ಲಿ ಮೂಳೆ ಕೂಡಿಸಿಕೊಂಡವರು, ಹೊಲಿಗೆ ಹಾಕಿಸಿಕೊಂಡವರು ಎಷ್ಟೋ ಮಂದಿ ಹೆಸರು ಗೊತ್ತಿಲ್ಲದೆಯೇ ಇದನ್ನು ಪಡೆದಿರುತ್ತಾರೆ.

ಇನ್ನು ಖಿನ್ನತೆಯ ಕಡೆಗೆ ಬರೋಣ. ಖಿನ್ನತೆಯ ಮೊದಲ ಮಾತ್ರೆಗಳೂ ಆಕಸ್ಮಿಕವಾಗಿಯೇ ದೊರೆತವು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಕೊಟ್ಟ ಇಪ್ರೋನಿಯಜಿಡ್, ರೋಗಿಗಳ ಮನಸ್ಸನ್ನೂ ಗೆಲುವಾಗಿಸಿತು. ಅಲ್ಲಿಂದ ಬೆಳೆದ ಮಾತ್ರೆಗಳೆಲ್ಲ ಹೆಚ್ಚುಕಡಿಮೆ ಸೆರೊಟೋನಿನ್ ಮತ್ತು ಅದರ ನೆಂಟರಂಥ ಮಿದುಳಿನ ರಾಸಾಯನಿಕಗಳನ್ನೇ ನಂಬಿದವು. ಲಕ್ಷಾಂತರ ಜನಕ್ಕೆ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವು ಕೆಲಸ ಮಾಡಲು ವಾರಗಳು ಬೇಕು. ಬದುಕೇ ಬೇಡ ಎನ್ನಿಸಿ ಕುಳಿತವರಿಗೆ ಇನ್ನು ನಾಲ್ಕು ವಾರ ತಾಳಿಕೊಳ್ಳಿ ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಅಂಥವರ ಮನೆಯವರಿಗೆ ಗೊತ್ತು. ಎರಡು ಬಗೆಯ ಮಾತ್ರೆಗೂ ಬಗ್ಗದ ಖಿನ್ನತೆಯಂತೂ ಬೇರೆಯೇ ಪಾಡು.

ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯರು ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಬೆನ್ನು ಹತ್ತಿದ್ದರು. ಮಿದುಳಿನಲ್ಲಿ ಅದರ ಒಂದು ಬಾಗಿಲನ್ನು ಕೆಟಮಿನ್ ಮುಚ್ಚುತ್ತದೆ ಎಂಬುದು ಅಷ್ಟರಲ್ಲಿ ತಿಳಿದಿತ್ತು. ಖಿನ್ನತೆಯಿದ್ದ ಕೆಲವರಿಗೆ, ಅರಿವಳಿಕೆಗೆ ಬೇಕಾದುದಕ್ಕಿಂತ ಬಹಳ ಕಡಿಮೆ ಪ್ರಮಾಣವನ್ನು 40 ನಿಮಿಷಗಳಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟು ನೋಡಿದರು. ಮೂರು ದಿನದೊಳಗೆ ಸುಧಾರಣೆ ಕಂಡಿತು. 2000ದಲ್ಲಿ ಇದನ್ನು ಪ್ರಕಟಿಸಿದಾಗ ಪ್ರಯೋಗ ಮುಗಿಸಿದ್ದವರು ಬರೀ ಏಳು ಜನ. ಏಳು ಜನರ ಲೆಕ್ಕವನ್ನು ಯಾರು ನಂಬುತ್ತಾರೆ? ಕೆಲವು ವರ್ಷ ಆ ಪ್ರಬಂಧವನ್ನು ಹೆಚ್ಚು ಜನ ವಿಚಾರಿಸಲಿಲ್ಲ.

2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಝರಾಟೆ ಮತ್ತು ಸಂಗಡಿಗರು, ಬೇರೆ ಮಾತ್ರೆಗಳಿಗೆ ಬಗ್ಗದ 18 ರೋಗಿಗಳ ಮೇಲೆ ಇದನ್ನೇ ಮಾಡಿ ನೋಡಿದರು. ಒಂದೇ ದಿನದಲ್ಲಿ ಶೇಕಡಾ 71ರಷ್ಟು ಜನರಿಗೆ ಗಣನೀಯ ಸುಧಾರಣೆ! ಎಲ್ಲರ ಕಿವಿ ನೆಟ್ಟಗಾದದ್ದು ಆಗ. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯೂ ಇದೆ. ವಾರ ಕಳೆದ ಮೇಲೂ ಆ ಸುಧಾರಣೆ ಉಳಿದದ್ದು ಶೇಕಡಾ 35ರಷ್ಟು ಜನರಲ್ಲಿ. ನನ್ನ ಮಟ್ಟಿಗೆ ಕೆಟಮಿನ್ನಿನ ಇಡೀ ವಾದವಿವಾದ ಈ ಎರಡು ಅಂಕಿಗಳ ನಡುವೆಯೇ ಇದೆ. ಮೊದಲನೆಯದನ್ನು ಜಾಹೀರಾತಿನವರು ಹೇಳುತ್ತಾರೆ. ಎರಡನೆಯದನ್ನು ನಾವೇ ಕೇಳಿ ತಿಳಿಯಬೇಕು.

ಅದು ಹೇಗೆ ಕೆಲಸ ಮಾಡುತ್ತದೆ? 2010ರಲ್ಲಿ ಯೇಲ್‌ನ ರೊನಾಲ್ಡ್ ಡುಮನ್ ತಂಡ ಇಲಿಗಳ ಮಿದುಳಿನಲ್ಲಿ ನರಕೋಶಗಳ ಕವಲುಗಳ ಮೇಲೆ ಹೊಸ ಸಂಪರ್ಕಗಳು ಬೇಗಬೇಗನೆ ಚಿಗುರುವುದನ್ನು ತೋರಿಸಿತು. ಬಾಡಿದ ಗಿಡಕ್ಕೆ ನೀರು ಬಿದ್ದಂತೆ ಎನ್ನೋಣ. ಆದರೆ ಮಾತು ಅಷ್ಟಕ್ಕೇ ಮುಗಿಯಲಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಫೀಮಿನ ಪರಿಣಾಮವನ್ನು ತಡೆಯುವ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನು ಮೊದಲು ಕೊಟ್ಟು, ಆಮೇಲೆ ಕೆಟಮಿನ್ ಕೊಟ್ಟರು. ಖಿನ್ನತೆಯ ಮೇಲಿನ ಗುಣವೇ ಬಹುಮಟ್ಟಿಗೆ ಮಾಯ! ಹಾಗಾದರೆ ಇದರಲ್ಲಿ ಅಫೀಮಿನ ನೆಂಟಸ್ತಿಕೆ ಎಷ್ಟು ಎಂಬ ಅನುಮಾನ ಎದ್ದಿತು. ಸಣ್ಣ ಪ್ರಯೋಗ ಅದು, ಒಪ್ಪದವರೂ ಇದ್ದಾರೆ. 2023ರಲ್ಲಿ ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ ಇನ್ನೊಂದು ಜಾಣತನದ ಪ್ರಯೋಗ ನಡೆಯಿತು. ಶಸ್ತ್ರಚಿಕಿತ್ಸೆಗೆ ಬಂದಿದ್ದ, ಖಿನ್ನತೆಯೂ ಇದ್ದ 40 ಜನರಿಗೆ, ಪೂರ್ತಿ ಅರಿವಳಿಕೆಯಲ್ಲಿ ಮಲಗಿದ್ದಾಗ, ಅರ್ಧ ಜನರಿಗೆ ಕೆಟಮಿನ್, ಉಳಿದವರಿಗೆ ಬರೀ ಉಪ್ಪುನೀರು. ತೇಲಿದ ಅನುಭವವೇ ಇಲ್ಲವಾದ್ದರಿಂದ ತಮಗೆ ಯಾವುದು ಸಿಕ್ಕಿತೆಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಸಮನಾಗಿ ಗುಣ ಕಂಡಿತು. ಹಾಗೆಂದು ಮದ್ದು ಸುಳ್ಳು ಎನ್ನಲಾಗದು. ಆದರೆ ಭರವಸೆಯ ಪಾಲು ಎಷ್ಟು, ಮದ್ದಿನ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಇಲ್ಲಿ ಬಹಳ ಕಷ್ಟ.

ವಿದ್ಯುತ್ ಚಿಕಿತ್ಸೆಯೊಡನೆ ಹೋಲಿಸಿಯೂ ನೋಡಿದ್ದಾರೆ. ಶಾಕ್ ಎಂದರೆ ಸಿನಿಮಾ ನೋಡಿ ಹೆದರಿದವರೇ ಹೆಚ್ಚು, ಆದರೆ ತೀವ್ರ ಖಿನ್ನತೆಗೆ ಅದು ಇವತ್ತಿಗೂ ಬಲವಾದ ಚಿಕಿತ್ಸೆ. 2022ರ ಸ್ವೀಡನ್ ಅಧ್ಯಯನದಲ್ಲಿ ವಿದ್ಯುತ್ ಚಿಕಿತ್ಸೆಯಿಂದ ಶೇಕಡಾ 63 ಜನ ಖಿನ್ನತೆಯಿಂದ ಹೊರಬಂದರೆ, ಕೆಟಮಿನ್‌ನಿಂದ ಶೇಕಡಾ 46. ಮರುವರ್ಷ ಅಮೆರಿಕದ ಅಧ್ಯಯನವೊಂದರಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತು. ಅಲ್ಲಿ ಕೆಟಮಿನ್ ಪಡೆದವರಲ್ಲಿ ಶೇಕಡಾ 55ರಷ್ಟು, ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 41ರಷ್ಟು ಜನ ಸುಧಾರಿಸಿದರು, ನೆನಪಿನ ತೊಂದರೆಯೂ ಕೆಟಮಿನ್‌ನಲ್ಲಿ ಕಡಿಮೆ. ಚಿತ್ತವಿಕಲತೆಯ ಲಕ್ಷಣವಿದ್ದವರನ್ನು ಅಲ್ಲಿ ಸೇರಿಸಿಕೊಂಡಿರಲಿಲ್ಲ ಎಂಬುದು ನೆನಪಿರಲಿ. ಅಂಥವರಿಗೆ ಕೆಟಮಿನ್ ಭ್ರಮೆಯನ್ನು ಕೆರಳಿಸಬಹುದು.

ಅಮಲಿನ ಕಥೆಯೂ ಇದಕ್ಕೆ ಸಮಾನಾಂತರವಾಗಿ ನಡೆದು ಬಂದಿದೆ. 1970ರ ದಶಕದಲ್ಲಿ ಡಾಲ್ಫಿನ್‌ಗಳ ಅಧ್ಯಯನಕ್ಕೆ ಹೆಸರಾಗಿದ್ದ ಜಾನ್ ಲಿಲಿ ಎಂಬ ವೈದ್ಯ, ತನಗೆ ತಾನೇ ಚುಚ್ಚಿಕೊಂಡು ಅದರ ಮೋಹಕ್ಕೆ ಬಿದ್ದ. 1990ರ ದಶಕದಲ್ಲಿ ಅದು ನೃತ್ಯಕೂಟಗಳಿಗೆ ಇಳಿಯಿತು. ಅಮೆರಿಕ 1999ರಲ್ಲಿ ಕಡಿವಾಣ ಹಾಕಿತು. 2007ರಲ್ಲಿ ಕೆನಡಾದ ವೈದ್ಯರು ಹೊಸದೊಂದು ಕೇಡನ್ನು ವರದಿ ಮಾಡಿದರು. ವಿಪರೀತ ಬಳಸುವವರ ಮೂತ್ರಕೋಶ ಹುಣ್ಣಾಗಿ ಕುಗ್ಗಿಹೋಗುತ್ತದೆ, ಗಳಿಗೆಗೊಮ್ಮೆ ಮೂತ್ರಕ್ಕೆ ಓಡಬೇಕು, ಜೊತೆಗೆ ರಕ್ತ, ನೋವು. ಭಾರತದಲ್ಲಿ 2011ರಲ್ಲಿ ಇದನ್ನು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದರು, 2013ರಲ್ಲಿ ಶೆಡ್ಯೂಲ್ ಎಕ್ಸ್ ಪಟ್ಟಿಗೆ ಸೇರಿಸಿದರು. ಎಂದರೆ ವೈದ್ಯರ ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಔಷಧ ಅಂಗಡಿಯವರು ಎರಡು ವರ್ಷ ಕಾಪಾಡಬೇಕು. 2015ರಲ್ಲಿ ಚೀನಾ ಇದನ್ನು ವಿಶ್ವಸಂಸ್ಥೆಯ ಮೂಲಕ ಜಗತ್ತಿಗೆಲ್ಲ ನಿಯಂತ್ರಿತ ವಸ್ತು ಮಾಡಿಸಲು ಹೊರಟಾಗ ವಿಶ್ವ ಆರೋಗ್ಯ ಸಂಸ್ಥೆ ಬೇಡ ಎಂದಿತು. ಬಡದೇಶಗಳ ಶಸ್ತ್ರಚಿಕಿತ್ಸೆಯೇ ನಿಂತುಹೋದೀತು ಎಂಬುದು ಅದರ ವಾದ.

2019ರ ಮಾರ್ಚಿನಲ್ಲಿ ಅಮೆರಿಕ ಕೆಟಮಿನ್ನಿನದೇ ಒಂದು ರೂಪವಾದ ಎಸ್ಕೆಟಮಿನ್ ಎಂಬ ಮೂಗಿನ ಸ್ಪ್ರೇಗೆ ಖಿನ್ನತೆಯ ಮದ್ದಾಗಿ ಒಪ್ಪಿಗೆ ಕೊಟ್ಟಿತು. ಹಳೆಯ ಕೆಟಮಿನ್ನಿನ ಪೇಟೆಂಟ್ ಎಂದೋ ಮುಗಿದಿತ್ತು, ಅದರ ಮೇಲೆ ಹಣ ಸುರಿಯಲು ಕಂಪನಿಗಳಿಗೆ ಮನಸ್ಸಿರಲಿಲ್ಲ. ಹೊಸ ರೂಪಕ್ಕೆ ಪೇಟೆಂಟ್ ಸಿಗುತ್ತದೆ, ಬೆಲೆಯೂ ಏರುತ್ತದೆ. ಆ ಒಪ್ಪಿಗೆಯ ಜೊತೆಗಿದ್ದ ನಿಬಂಧನೆ ಮಾತ್ರ ನನಗೆ ಬಹಳ ಮುಖ್ಯವೆನಿಸುತ್ತದೆ: ವೈದ್ಯರ ಕಣ್ಣೆದುರಿಗೇ ತೆಗೆದುಕೊಳ್ಳಬೇಕು, ಎರಡು ಗಂಟೆ ಅಲ್ಲೇ ಇರಬೇಕು, ರಕ್ತದೊತ್ತಡ ನೋಡುತ್ತಿರಬೇಕು, ಮಾರನೆಯ ದಿನದವರೆಗೆ ವಾಹನ ಓಡಿಸಬಾರದು.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 'ಫ್ರೆಂಡ್ಸ್' ಧಾರಾವಾಹಿಯ ನಟ ಮ್ಯಾಥ್ಯೂ ಪೆರಿ ಅವರ ಸಾವು ಉದಾಹರಣೆ. 2023ರ ಅಕ್ಟೋಬರ್ 28ರಂದು ಅವರು ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ತೀರಿಕೊಂಡರು. ಕೆಟಮಿನ್ನಿನ ಪರಿಣಾಮವೇ ಮುಖ್ಯ ಕಾರಣವೆಂದು ಶವಪರೀಕ್ಷೆ ಹೇಳಿತು. ಅವರು ಖಿನ್ನತೆಗೆ ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದುದು ನಿಜ, ಆದರೆ ದೇಹದಲ್ಲಿದ್ದ ಮದ್ದು ಆ ಚಿಕಿತ್ಸೆಯದಲ್ಲ, ಹೊರಗಿನಿಂದ ಕದ್ದುಮುಚ್ಚಿ ತರಿಸಿದ್ದು. 2024ರಲ್ಲಿ ಇಬ್ಬರು ವೈದ್ಯರೂ ಸೇರಿ ಐವರ ಮೇಲೆ ಮೊಕದ್ದಮೆ ಹೂಡಿದರು, ಮುಂದೆ ಐವರೂ ತಪ್ಪೊಪ್ಪಿಕೊಂಡರು.

ಡೊಂಬಿವಲಿಯ ಆ ಮನೆಯವರಂತೆ ಯೋಚನೆಗೆ ಬಿದ್ದವರು ವೈದ್ಯರನ್ನು ಕೇಳಬೇಕಾದ್ದು ಬಹಳವೇನಿಲ್ಲ. ಒಂದು ವಾರದ ನಂತರ ಏನು? ಎಷ್ಟು ಸಲ ಕೊಡುತ್ತೀರಿ, ನಿಲ್ಲಿಸುವುದು ಯಾವಾಗ? ಮಾತ್ರೆ, ಮಾತುಕತೆಯ ಚಿಕಿತ್ಸೆ ಜೊತೆಗಿರುತ್ತದೆಯೇ? ಅಷ್ಟು ಹೊತ್ತು ಪಕ್ಕದಲ್ಲಿ ನಿಗಾ ಇಡುವವರು ಯಾರು? ಮನೆಗೆ ಕೊಟ್ಟು ಕಳಿಸುವ ಕೆಟಮಿನ್ ಎಂದರೆ ನಾನಂತೂ ಎದ್ದು ಬರುತ್ತೇನೆ. ಮುಗಿದ ಮೇಲೆ ರೋಗಿಯನ್ನು ಮನೆಗೆ ಕರೆತರಲು ಒಬ್ಬರು ಬೇಕೇ ಬೇಕು. ಊರಿನಲ್ಲಾದರೆ ಅಣ್ಣನೋ ಅತ್ತಿಗೆಯೋ ಬರುತ್ತಿದ್ದರು. ಇಲ್ಲಿ ಲೋಕಲ್ ರೈಲು ಹಿಡಿದು ಓಡುವ ನಮ್ಮಂಥವರಿಗೆ ಅರ್ಧ ದಿನ ರಜೆ ಹಾಕುವ ಒಬ್ಬ ಸ್ನೇಹಿತನನ್ನು ಹುಡುಕುವುದೇ ಕಷ್ಟ.

ತಡೆಯಲಾರದ ಗಳಿಗೆ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ. ಅದಕ್ಕೆ ಮಾರ್ಗದರ್ಶನ ನೀಡುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸುವಾಗ ಕನ್ನಡವನ್ನೂ ಆರಿಸಿಕೊಳ್ಳಬಹುದು.