ಮಂಗನ ಕಾಯಿಲೆ: ರಕ್ತಪರೀಕ್ಷೆಯ ಗೊಂದಲಗಳು

ರಕ್ತಪರೀಕ್ಷೆ ಕೆಲವೊಮ್ಮೆ ಹುಡುಕುತ್ತಿರುವ ರೋಗಾಣುವಿನ ಬದಲು ಅದರ ದಾಯಾದಿಯನ್ನು ಹಿಡಿದು ‘ಪಾಸಿಟಿವ್’ ಎಂದುಬಿಡುತ್ತದೆ. ನಾಯಿಗಳ ಹೃದಯದ ಹುಳುವಿನ ಪರೀಕ್ಷೆ ಶ್ವಾಸಕೋಶದ ಹುಳುವಿಗೂ ಸ್ಪಂದಿಸಿದ್ದುಂಟು. ಮಲೆನಾಡಿನಲ್ಲಿ ಇಂಥ ಗೊಂದಲ ಎಬ್ಬಿಸಿದ್ದು ಹುಳುವಲ್ಲ, ಉಣುಗಿನಿಂದ ಹರಡುವ ವೈರಸ್ಸು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜ್ವರವನ್ನು ಅದಕ್ಕೂ ಮೊದಲು ಟೈಫಾಯ್ಡ್ ಎಂದೇ ತಿಳಿಯಲಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಅವರ ತಂಡಕ್ಕೆ ಹಳದಿ ಜ್ವರದ ಅನುಮಾನ. ದಕ್ಷಿಣ ಅಮೆರಿಕದಲ್ಲಿ ಮಂಗಗಳು ಸಾಯತೊಡಗಿದರೆ ಮೊದಲು ನೆನಪಾಗುವುದು ಅದೇ ರೋಗ. ಆದರೆ ಸತ್ತ ಮಂಗಗಳಲ್ಲಿ ಸಿಕ್ಕ ವೈರಸ್ಸು, ಪರೀಕ್ಷೆಗಳಲ್ಲಿ ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರದ ಬಳಗಕ್ಕೆ ಸೇರಿತು!

ಆಗ ಬಳಕೆಯಲ್ಲಿದ್ದ ಪರೀಕ್ಷೆಯೊಂದು ಸರಳ. ವೈರಸ್ಸು ಹೆಬ್ಬಾತಿನ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಹರಡಿಸುತ್ತದೆ. ರೋಗಿಯ ರಕ್ತದಲ್ಲಿ ಪ್ರತಿಕಾಯವಿದ್ದರೆ ಕಣಗಳು ಅಂಟದೆ, ತಟ್ಟೆಯ ಗುಳಿಯ ತಳದಲ್ಲಿ ಅಂಗಿಯ ಗುಂಡಿಯಂತೆ ಕೂರುತ್ತವೆ. ಪ್ರತಿಕಾಯ ಈ ವೈರಸ್ಸಿಗೇ ಹುಟ್ಟಿದ್ದೋ, ಡೆಂಗಿಯಂಥ ಅದರ ನೆಂಟನಿಗೋ ಎಂಬುದು ಮಾತ್ರ ಅದರಿಂದ ಖಚಿತವಾಗುವುದಿಲ್ಲ.

ಹತ್ತಿರದ ನೆಂಟಸ್ತಿಕೆಯನ್ನು ನಂಬಿ ಇಟ್ಟ ಹೆಜ್ಜೆಗಳೂ ಉಂಟು. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ರೋಗ ತಂದವೇ ಎಂದು ಹುಡುಕಾಟ ನಡೆಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯಿತು. ಇನ್ನೊಂದು ಹೆಜ್ಜೆ ದುಬಾರಿಯಾಯಿತು: ರಷ್ಯಾದ ಮಿದುಳುಜ್ವರಕ್ಕೆಂದು ತಯಾರಾದ ಲಸಿಕೆಯನ್ನು ಇಲ್ಲಿನವರಿಗೆ ಚುಚ್ಚಿ ನೋಡಲಾಯಿತು, ರಕ್ಷಣೆ ಸಿಗಲಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕಂಡ ಹೋಲಿಕೆ ಮೈಯೊಳಗೆ ಕಾಪಾಡುತ್ತದೆ ಎಂದು ಎಣಿಸಿದ್ದು ಅವಸರವೇ ಸರಿ. ಕ್ಯಾಸನೂರು ವೈರಸ್ಸಿನಿಂದಲೇ ಮಾಡಿದ ಲಸಿಕೆ ವ್ಯಾಪಕವಾಗಿ ಬಳಕೆಗೆ ಬಂದದ್ದು 1990ರ ಹೊತ್ತಿಗೆ. ಅದೂ 2022ರಲ್ಲಿ ನಿಂತಿತು.

ಖಚಿತ ರೋಗನಿರ್ಣಯಕ್ಕೆ ರೋಗಿಯ ರಕ್ತವನ್ನು ಹಾಲುಕುಡಿಯುವ ಇಲಿಮರಿಗಳ ಮಿದುಳಿಗೆ ಚುಚ್ಚಿ, ದಿನಗಟ್ಟಲೆ ಕಾಯಬೇಕಿತ್ತು. 2012ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಆರ್‌ಟಿ-ಪಿಸಿಆರ್ ಮತ್ತು ಐಜಿಎಂ ಎಲೈಸಾ ಪರೀಕ್ಷೆಗಳನ್ನು ಪ್ರಕಟಿಸಿತು. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುತ್ತದೆ. ಎಲೈಸಾಕ್ಕೆ ಪ್ರತಿಕಾಯ ಮೂಡುವವರೆಗೆ ತಾಳ್ಮೆ ಬೇಕು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ರೋಗ ಉಲ್ಬಣಿಸಿದಾಗ ಈ ಪರೀಕ್ಷೆಗಳು ಕೈಯಲ್ಲಿದ್ದವು.

ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ ಮೂರೂ ಮೈಕೈ ನೋವಿನ ಜ್ವರವಾಗಿಯೇ ಬರುತ್ತವೆ. ಹಾಗಾಗಿ ತಿಂಗಳು ಯಾವುದು, ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗಿದ್ದರೇ, ಉಣುಗು ಕಚ್ಚಿತ್ತೇ ಎಂಬ ವಿವರಗಳೂ ವರದಿಯಷ್ಟೇ ಮುಖ್ಯ.