ಹಂಚಿಹೋದ ಚಿತಾಭಸ್ಮ: ಗಾಂಧೀಜಿಯವರ ಅಂತ್ಯಕ್ರಿಯೆ ಮತ್ತು ನಮ್ಮ ಸಮಾಧಿ ಕ್ರಮ

1948ರ ಜನವರಿ 30ರ ಸಂಜೆ ಗಾಂಧೀಜಿಯವರು ಗುಂಡೇಟಿಗೆ ಬಲಿಯಾದ ಬಳಿಕ ದೆಹಲಿಯ ಬಿರ್ಲಾ ಭವನದಲ್ಲಿ ಮೊದಲು ಎದ್ದ ಪ್ರಶ್ನೆಗಳಲ್ಲಿ ಒಂದು, ದೇಹವನ್ನು ಏನು ಮಾಡಬೇಕೆಂಬುದು. ದೇಶದ ಜನರಿಗೆಲ್ಲ ಅಂತಿಮ ದರ್ಶನ ದೊರೆಯುವಂತೆ ಅದನ್ನು ಔಷಧಗಳಿಂದ ಸಂರಕ್ಷಿಸಬಹುದೆಂದು ಮೌಂಟ್‌ಬ್ಯಾಟನ್ ಸೂಚಿಸಿದರು. ಕಾರ್ಯದರ್ಶಿ ಪ್ಯಾರೇಲಾಲರು ಒಪ್ಪಲಿಲ್ಲ. ತಮ್ಮ ದೇಹವನ್ನು ಹಾಗೆ ಕಾಯ್ದಿಡುವುದು ಬಾಪೂ ಅವರಿಗೆ ಸಮ್ಮತವಿರಲಿಲ್ಲವೆಂದು ತಡೆದರು. ಮರುದಿನವೇ ದಹನ ನಡೆಯಿತು.

ಆದರೆ ಆ ದಿನದ ಮೆರವಣಿಗೆಯ ಏರ್ಪಾಡು ಸೈನ್ಯದ ಕೈಯಲ್ಲಿತ್ತು. ಅಹಿಂಸೆಯನ್ನು ಬೋಧಿಸಿದವರ ದೇಹವನ್ನು ಸೇನೆಯ ಶಸ್ತ್ರವಾಹನದ ಮೇಲೆ ಇರಿಸಲಾಯಿತು. ಅದರ ಯಂತ್ರವನ್ನು ಚಾಲನೆ ಮಾಡದೆ ಯೋಧರು ಹಗ್ಗ ಹಿಡಿದು ಯಮುನೆಯ ತೀರದ ರಾಜಘಾಟಿನತ್ತ ಎಳೆದರು. ಈ ವೈಪರೀತ್ಯವನ್ನು ಅಂದೇ ಗಮನಿಸಿದವರಿದ್ದರು. ಕೋಟ್ಯಂತರ ಜನ ತಮ್ಮವರೆಂದುಕೊಂಡ ವ್ಯಕ್ತಿಯ ಶವಯಾತ್ರೆಯಲ್ಲಿ ಜನಸಾಗರವನ್ನು ನಿಭಾಯಿಸಲು ಬೇರೆ ಯಾರಿಂದ ಸಾಧ್ಯವಿತ್ತೆಂಬುದೂ ನ್ಯಾಯವಾದ ಪ್ರಶ್ನೆಯೇ. ಚಿತೆಗೆ ಅಗ್ನಿಸ್ಪರ್ಶ ಮಾಡಿದವರು ಮಾತ್ರ ಮಗ ರಾಮದಾಸರು.

ಸಂರಕ್ಷಣೆಯನ್ನು ನಿರಾಕರಿಸಿದವರ ಬೂದಿ ಮುಂದೆ ಎಲ್ಲೆಡೆ ಹಂಚಿಹೋಯಿತು. ಮುಖ್ಯ ಕಲಶ ಮೂರನೆಯ ದರ್ಜೆಯ ರೈಲಿನಲ್ಲಿ ಪ್ರಯಾಗಕ್ಕೆ ಸಾಗಿ ಫೆಬ್ರವರಿ 12ರಂದು ಸಂಗಮದಲ್ಲಿ ವಿಸರ್ಜನೆಗೊಂಡಿತು. ಉಳಿದವು ಪ್ರಾಂತಗಳಿಗೂ ಸಂಸ್ಥಾನಗಳಿಗೂ ಹೋದವು. ಮೈಸೂರಿನ ಪಾಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಯನ್ನು ಸೇರಿತು. ಆಗ ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಕೆ. ಸಿ. ರೆಡ್ಡಿಯವರು ನಮ್ಮ ಕಾಮಸಮುದ್ರಕ್ಕೆ ದೂರವಲ್ಲದ ಕ್ಯಾಸಂಬಳ್ಳಿಯವರೆಂಬುದನ್ನು ಇಲ್ಲಿ ನೆನೆಯಬಹುದು. ಪುಣೆಯ ಆಗಾ ಖಾನ್ ಅರಮನೆಯಲ್ಲಿ ಒಂದು ಭಾಗ ಉಳಿಯಿತು. ಕಟಕ್‌ನ ಬ್ಯಾಂಕೊಂದರ ಭದ್ರಕೋಣೆಯಲ್ಲಿ ದಶಕಗಳ ಕಾಲ ಮರೆತುಹೋಗಿದ್ದ ಕಲಶವೊಂದು 1997ರ ಜನವರಿ 30ರಂದು ಸಂಗಮವನ್ನು ಸೇರಿತು.

ಇದನ್ನು ನಾವು ಅನ್ಯರ ಆಚಾರವೆಂದು ದೂರದಿಂದ ನೋಡಲಾಗದು. ಸಂತ ಫ್ರಾನ್ಸಿಸ್ ಝೇವಿಯರರ ದೇಹ ಗೋವೆಯಲ್ಲಿದ್ದರೆ ಬಲದೋಳು ರೋಮಿನಲ್ಲಿದೆ. ಪವಿತ್ರ ಅವಶೇಷಗಳ ತುಣುಕುಗಳನ್ನು ಪೀಠಗಳ ಒಳಗಿಟ್ಟು ಬಲಿಪೂಜೆ ಅರ್ಪಿಸಿದ ಪರಂಪರೆ ನಮ್ಮದು. ಪ್ರೀತಿಪಾತ್ರರ ದೇಹದ ಒಂದು ಕಣವಾದರೂ ತಮ್ಮೂರಿನಲ್ಲಿರಲಿ ಎಂಬ ಹಂಬಲದಲ್ಲಿ ಮೈಸೂರಿನ ಪ್ರಜೆಗೂ ಮಧ್ಯಯುಗದ ವಿಶ್ವಾಸಿಗೂ ಹೆಚ್ಚು ಅಂತರವಿಲ್ಲ. ಅಂತರವಿರುವುದು ಮುಂದಿನ ಹೆಜ್ಜೆಯಲ್ಲಿ: ಒಬ್ಬರು ಆ ಕಣವನ್ನು ನದಿಗೆ ಒಪ್ಪಿಸಿ ಬಿಟ್ಟುಕೊಡುತ್ತಾರೆ, ಇನ್ನೊಬ್ಬರು ಪುನರುತ್ಥಾನದ ನಿರೀಕ್ಷೆಯಲ್ಲಿ ಕಾಯ್ದಿಡುತ್ತಾರೆ.

1948ರಲ್ಲಿ ಕಥೋಲಿಕ ಧರ್ಮಸಭೆ ತನ್ನ ಮಕ್ಕಳಿಗೆ ದಹನವನ್ನು ನಿಷೇಧಿಸಿತ್ತು. 1963ರ ಜುಲೈ 5ರ ಸೂಚನಾಪತ್ರ ಆ ನಿಷೇಧವನ್ನು ಸಡಿಲಿಸಿತು. ಭೂಸ್ಥಾಪನೆಯೇ ಇಂದಿಗೂ ಶ್ರೇಷ್ಠವೆಂಬುದು ಅದರ ನಿಲುವು. 2016ರ ಸೂಚನಾಪತ್ರ ಚಿತಾಭಸ್ಮವನ್ನು ಚೆಲ್ಲುವುದನ್ನೂ ಕುಟುಂಬದವರು ಹಂಚಿಕೊಳ್ಳುವುದನ್ನೂ ಒಪ್ಪಲಿಲ್ಲ. ಮೃತರು ಕುಟುಂಬದ ಆಸ್ತಿಯಲ್ಲ, ಇಡೀ ಸಮುದಾಯದ ಪ್ರಾರ್ಥನೆಗೆ ಸೇರಿದವರು ಎಂಬುದು ಅದರ ಹಿಂದಿನ ವಿಚಾರವೆಂದು ನಾವು ತಿಳಿಯುತ್ತೇವೆ.

ಈ ವಿಚಾರ ನಮ್ಮ ಸೀಮೆಯಲ್ಲಿ ಬರಿಯ ತರಗತಿಯ ಚರ್ಚೆಯಲ್ಲ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಮಕ್ಕಳು ಬೆಂಗಳೂರಿಗೂ ಅದರಾಚೆಗೂ ಚದುರಿದರು. ತಾತಂದಿರ ಸಮಾಧಿಗಳು ಇಲ್ಲಿಯೇ ಉಳಿದವು. ನಗರದಲ್ಲಿ ತಂದೆಯ ದಹನ ಮಾಡಿಸಿ, ಅರ್ಧ ಬೂದಿಯನ್ನು ಇಲ್ಲಿ ತಾಯಿಯ ಸಮಾಧಿಯಲ್ಲಿಟ್ಟು ಉಳಿದರ್ಧವನ್ನು ತಾವು ಇಟ್ಟುಕೊಳ್ಳಬಹುದೇ ಎಂದು ಕೇಳುವವರಿಗೆ ನಿಯಮವೊಂದನ್ನೇ ಓದಿ ಹೇಳಿದರೆ ಸಾಲದು. 2023ರ ಡಿಸೆಂಬರ್‌ನಲ್ಲಿ ವಿಶ್ವಾಸ ಸಿದ್ಧಾಂತ ಪೀಠವು ಕೊಂಚ ಬಾಗಿಲು ತೆರೆದಿದೆ: ಭಸ್ಮವು ಪವಿತ್ರ ಸ್ಥಳದಲ್ಲಿದ್ದು ವಿಶ್ವಾಸಕ್ಕೆ ವಿರುದ್ಧವಾದ ತಪ್ಪು ಅರ್ಥಕ್ಕೆ ಎಡೆಯಿಲ್ಲದಿದ್ದರೆ, ಅತ್ಯಲ್ಪ ಭಾಗವನ್ನು ಮೃತರ ಬದುಕಿನಲ್ಲಿ ಮಹತ್ವವಿದ್ದ ಸ್ಥಳದಲ್ಲಿಡುವ ಬೇಡಿಕೆಯನ್ನು ಧರ್ಮಾಧಿಕಾರಿಗಳು ಪರಿಶೀಲಿಸಬಹುದು. ಅನೇಕರ ಭಸ್ಮವನ್ನು ಒಂದೇ ಪವಿತ್ರ ಸ್ಥಳದಲ್ಲಿ ಸೇರಿಸಿಡಲೂ ಅವಕಾಶವಿದೆ. ಆದರೆ ಪ್ರತಿಯೊಬ್ಬರ ಹೆಸರನ್ನೂ ಅಲ್ಲಿ ನಮೂದಿಸಬೇಕು.